ಬೆಂಡೆಯ ಲೋಳೆ, ನೂಲಿನ ಗಂಜಿ ಮತ್ತು ಅವಕೆಂಪು ಬೆಳಕು

ಭಾಷಾ ವಿಭಾಗದ ವಾರ್ತಾಪತ್ರದಲ್ಲಿ ರಸಾಯನಶಾಸ್ತ್ರದ ಪಾಠವೇಕೆ ಎಂದು ಕೇಳುವವರು ಇರಬಹುದು. ಒಂದು ತಪ್ಪು ನನ್ನಿಂದ ನಡೆದುಹೋಗಿದೆ. ಅದು ಭಾಷೆಯ ತಪ್ಪಾದುದರಿಂದ ಅದನ್ನು ತಿದ್ದಬೇಕಾದ ಸ್ಥಳವೂ ಇದೇ ಆಗಿದೆ.

ಗಡಹಿಂಗ್ಲಜದ ಪೂರ್ವಕ್ಕೆ, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಹಳ್ಳಿಯೊಂದರಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ನಡೆದಿತ್ತು. ರಸಾಯನಶಾಸ್ತ್ರ ವಿಭಾಗದವರು ಬೆಂಡೆಯ ಲೋಳೆಯನ್ನು ಕುರಿತು ಒಂದು ಭಿತ್ತಿಪತ್ರವನ್ನು ಸಿದ್ಧಪಡಿಸಿ, ಅದರ ಕನ್ನಡ ರೂಪವನ್ನು ನನ್ನಿಂದ ಬರೆಯಿಸಿಕೊಂಡಿದ್ದರು. ಮೂಲದಲ್ಲಿ ‘ಪಾಲಿಸ್ಯಾಕರೈಡ್’ ಎಂದಿದ್ದ ಕಡೆಗಳಲ್ಲೆಲ್ಲ ನಾನು ಓದುಗರಿಗೆ ಸುಲಭವಾಗಲೆಂದು ‘ಸಕ್ಕರೆ’ ಎಂದು ಬರೆದುಬಿಟ್ಟೆ. ಸಭೆ ಮುಗಿದ ಮೇಲೆ ಹಿರಿಯ ರೈತರೊಬ್ಬರು ಹತ್ತಿರ ಬಂದು, “ಸರ, ನಮ್ಮ ಮನಿಯಾಕಿಗೆ ಸಕ್ಕರಿ ಬ್ಯಾನಿ ಐತ್ರಿ. ಬೆಂಡಿಕಾಯಾಗ ಇಷ್ಟ ಸಕ್ಕರಿ ಐತಿ ಅಂದ್ರ ಇವತ್ತಿಂದ ಬಂದ್ ಮಾಡಸೂದೇನ್ರಿ?” ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಪಕ್ಕದಲ್ಲಿದ್ದ ಸಹೋದ್ಯೋಗಿಗಳು ಸಮಾಧಾನ ಹೇಳಿದರೆನ್ನಿ. ಆದರೆ ಆ ಭಿತ್ತಿಪತ್ರವನ್ನು ಓದಿ, ಏನನ್ನೂ ಕೇಳದೆ ಮನೆಗೆ ಹೋದವರು ಎಷ್ಟು ಜನರೋ!

ಆ ಶಬ್ದದಿಂದಲೇ ಪಾಠವನ್ನು ಆರಂಭಿಸೋಣ. ‘ಪಾಲಿ’ ಎಂದರೆ ಗ್ರೀಕಿನಲ್ಲಿ ಹಲವು. ‘ಸ್ಯಾಕರೈಡ್’ ಎಂಬುದರ ಮೂಲ ಗ್ರೀಕಿನ ‘ಸಾಖರೋನ್’. ಅದಾದರೂ ಗ್ರೀಕರಿಗೆ ಹೋದದ್ದು ನಮ್ಮ ನೆಲದಿಂದಲೇ. ಸಂಸ್ಕೃತದ ‘ಶರ್ಕರಾ’ ಎಂಬುದಕ್ಕೆ ಹರಳು, ಮರಳು ಎಂಬ ಅರ್ಥಗಳಿದ್ದು, ಅದು ಹರಳುಗಟ್ಟಿದ ಕಬ್ಬಿನ ಸಿಹಿಗೆ ಹೆಸರಾಯಿತು. ಪ್ರಾಕೃತದಲ್ಲಿ ‘ಸಕ್ಕರಾ’ ಆಗಿ ಕನ್ನಡಕ್ಕೆ ‘ಸಕ್ಕರೆ’ಯಾಗಿಯೂ ಮರಾಠಿಗೆ ‘ಸಾಖರ್’ ಆಗಿಯೂ ಇಳಿಯಿತು. ಹೀಗೆ ನೋಡಿದರೆ ನನ್ನ ಅನುವಾದ ವ್ಯುತ್ಪತ್ತಿಯ ದೃಷ್ಟಿಯಿಂದ ನಿರ್ದೋಷ. ವ್ಯುತ್ಪತ್ತಿಯನ್ನು ನಂಬಿ ಅರ್ಥವನ್ನು ಕೆಡಿಸುವುದು ನಮ್ಮಂಥ ಭಾಷಾ ಅಧ್ಯಾಪಕರ ಹಳೆಯ ರೋಗ.

ಗ್ಲುಕೋಸ್, ಗ್ಯಾಲಕ್ಟೋಸ್ ಮೊದಲಾದ ಸರಳ ಸಕ್ಕರೆಗಳ ಅಣುಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಕೊಂಡಿ ಕೊಂಡಿಯಾಗಿ ಸೇರಿದಾಗ ಆಗುವ ಸರಪಳಿಯೇ ಬಹುಶರ್ಕರ. ಜೋಳದ ಭಕ್ಕರಿಯ ಪಿಷ್ಟ, ಹತ್ತಿಯ ಎಳೆಯ ಸೆಲ್ಯುಲೋಸ್, ಪೇರಲದ ಪೆಕ್ಟಿನ್, ಹುಣಿಸೆಬೀಜದ ಅಂಟು, ಬೆಂಡೆಯ ಲೋಳೆ ಇವೆಲ್ಲವೂ ಬಹುಶರ್ಕರಗಳೇ. ಇವು ಯಾವುವೂ ನಾಲಗೆಗೆ ಸಿಹಿಯಲ್ಲ. ಆದರೆ ಸಿಹಿಯಲ್ಲದ ಮಾತ್ರಕ್ಕೆ ಇವೆಲ್ಲ ಒಂದೇ ಎಂದು ತಿಳಿಯಬಾರದು. ಪಿಷ್ಟದ ಸರಪಳಿಯನ್ನು ನಮ್ಮ ಜೀರ್ಣರಸಗಳು ಕಡಿದು ಗ್ಲುಕೋಸ್ ಮಾಡಬಲ್ಲವು. ಆದುದರಿಂದ ಮಧುಮೇಹಿಗಳು ಸಿಹಿಯಿಲ್ಲದ ಭಕ್ಕರಿ, ಅನ್ನಗಳಿಗೂ ಲೆಕ್ಕವಿಡಬೇಕು. ಬೆಂಡೆಯ ಲೋಳೆಯನ್ನಾಗಲಿ ಸೆಲ್ಯುಲೋಸನ್ನಾಗಲಿ ಅವು ಕಡಿಯಲಾರವು. ಅವು ನಾರಿನಂತೆ ಕೆಳಗೆ ಸಾಗುತ್ತವೆ. ಆ ರೈತರಿಗೆ ನಾನು ಕೊಡಬೇಕಾಗಿದ್ದ ಉತ್ತರ ಇದು.

ಲೋಳೆಯನ್ನು ಅಳೆಯಬೇಕಾದ ಪ್ರಸಂಗವೇಕೆ ಬಂದಿತೆಂಬುದನ್ನೂ ಹೇಳಬೇಕು. ಕೊಲ್ಲಾಪುರದ ಬೆಲ್ಲಕ್ಕೆ 2014ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಮರಾಠಿಯಲ್ಲಿ ಗುರ್‍ಹಾಳವೆಂದು ಕರೆಯುವ ನಮ್ಮ ಆಲೆಮನೆಗಳಲ್ಲಿ, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಯ ಗಿಡವನ್ನು ಜಜ್ಜಿ ನೆನೆಸಿದ ನೀರನ್ನು ಹಾಕುವ ರೂಢಿಯುಂಟು. ಲೋಳೆಯು ರಸದಲ್ಲಿ ತೇಲುವ ಕಶ್ಮಲವನ್ನು ಹಿಡಿದು ಗರಣೆಗಟ್ಟಿಸಿ ಮೇಲಕ್ಕೆ ತರುತ್ತದೆ; ಆ ಮಳಿಯನ್ನು ಜಾಲರಿಯಿಂದ ತೆಗೆದುಹಾಕಿದರೆ ಬೆಲ್ಲ ತಿಳಿಯಾಗುತ್ತದೆ. ಗಿರಾಕಿಗಳು ಹಳದಿ ಬಣ್ಣಕ್ಕೆ ಮರುಳಾದ ಮೇಲೆ ‘ಹೈಡ್ರೋಸ್’ ಎಂಬ ಬಿಳುಪುಕಾರಕ ಬಂದಿತು. ಅದು ಗಂಧಕದ ಶೇಷವನ್ನು ಬೆಲ್ಲದಲ್ಲಿ ಉಳಿಸುತ್ತದೆ. ಮತ್ತೆ ಬೆಂಡೆಗೆ ಮರಳಬೇಕೆನ್ನುವವರಿಗೆ ತಿಳಿಯಬೇಕಾದದ್ದು ಇಷ್ಟೇ: ಕಾಂಡದಲ್ಲಿ ಲೋಳೆ ಹೆಚ್ಚೋ ಕಾಯಲ್ಲಿ ಹೆಚ್ಚೋ, ಎಳೆಯದರಲ್ಲೋ ಬಲಿತದ್ದರಲ್ಲೋ, ಒಣಗಿಸಿಟ್ಟರೆ ಎಷ್ಟು ಉಳಿಯುತ್ತದೆ? ಕೈಗೆ ಅಂಟುವುದನ್ನು ನೋಡಿ ಹೇಳುವ ಅನುಭವಸ್ಥರಿದ್ದಾರೆ. ಅವರ ಕೈಯನ್ನು ನಾನು ಗೌರವಿಸುತ್ತೇನೆ. ಆದರೆ ಆ ಕೈ ಇನ್ನೊಂದು ಊರಿಗೆ ಅಂಚೆಯಲ್ಲಿ ಹೋಗಲಾರದು. ಅಂಕೆ ಹೋಗಬಲ್ಲದು.

ಆ ಅಂಕೆಯನ್ನು ಬೇಗನೆ ಕೊಡುವ ಸಾಧನವೆಂದು ಹೆಸರಾದುದು ಅವಕೆಂಪು ರೋಹಿತದರ್ಶನ.

ಇಲ್ಲಿಯೂ ಶಬ್ದಗಳು ಕಾಲಿಗೆ ತೊಡರುತ್ತವೆ. ಮರಾಠಿಯ ಪಠ್ಯಗಳಲ್ಲಿ ಇದು ‘ಅವರಕ್ತ’. ರಕ್ತವೆಂದರೆ ಸಂಸ್ಕೃತದಲ್ಲಿ ಕೆಂಪು ಎಂಬರ್ಥವಿರುವುದು ನಿಜ; ಆದರೆ ಅದನ್ನು ಕನ್ನಡ ಲಿಪಿಯಲ್ಲಿ ಬರೆದರೆ ನಮ್ಮ ವಿದ್ಯಾರ್ಥಿಗಳು ‘ಅವರ ರಕ್ತ’ ಎಂದೇ ಓದುತ್ತಾರೆ. ಎರಡೂ ಭಾಷೆಗಳಲ್ಲಿ ಶಾಲೆ ಕಲಿತ ನಾನೂ ಒಮ್ಮೆ ಹಾಗೆ ಓದಿದವನೇ. ಕನ್ನಡದ ‘ಅವಕೆಂಪು’ ಸಂಸ್ಕೃತದ ಉಪಸರ್ಗಕ್ಕೆ ಅಚ್ಚಗನ್ನಡದ ಪದವನ್ನು ಹೊಂದಿಸಿದ ಶಬ್ದ. ಕೇಶಿರಾಜನ ಶಿಷ್ಯರು ಅರಿಸಮಾಸವೆಂದು ಹುಬ್ಬುಗಂಟಿಕ್ಕಬಹುದು. ನನ್ನ ಮತದಲ್ಲಿ ಅರ್ಥ ಸ್ಪಷ್ಟವಾಗುವಲ್ಲಿ ಇಂಥ ದೋಷವನ್ನು ಕ್ಷಮಿಸಬೇಕು: ಕೆಂಪಿಗಿಂತ ಕೆಳಗಿನದು, ಅಷ್ಟೇ. ‘ರೋಹಿತ’ವೆಂದರೆ ಬಿಡಿಬಿಡಿಯಾಗಿ ಹರಡಿದ ಬೆಳಕಿನ ಪಟ್ಟಿ.

1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಒಡೆದು, ಯಾವ ಬಣ್ಣದಲ್ಲಿ ಎಷ್ಟು ಶಾಖವಿದೆಯೆಂದು ಉಷ್ಣಮಾಪಕಗಳನ್ನಿಟ್ಟು ನೋಡುತ್ತಿದ್ದನು. ಕೆಂಪಿನಿಂದ ಆಚೆ, ಕಣ್ಣಿಗೆ ಏನೂ ಕಾಣದ ಜಾಗದಲ್ಲಿಟ್ಟ ಉಷ್ಣಮಾಪಕದಲ್ಲಿ ಪಾದರಸ ಎಲ್ಲಕ್ಕಿಂತ ಮೇಲೇರಿತು. ಆ ಕಾಣದ ಬೆಳಕನ್ನು ವಸ್ತುಗಳು ಹೇಗೆ ಹೀರುತ್ತವೆಂಬುದನ್ನು ಅಮೆರಿಕದ ವಿಲಿಯಂ ಕೊಬ್ಲೆಂಟ್ಸ್ ನೂರಾರು ಪದಾರ್ಥಗಳಲ್ಲಿ ಪರೀಕ್ಷಿಸಿ 1905ರಲ್ಲಿ ಪ್ರಕಟಿಸತೊಡಗಿದ ಮೇಲೆ, ಪ್ರತಿ ಪದಾರ್ಥಕ್ಕೂ ತನ್ನದೇ ಆದ ಹೀರಿಕೆಯ ರೇಖೆಯಿದೆಯೆಂಬುದು ದೃಢಪಟ್ಟಿತು.

ಅದೇಕೆ ಹಾಗೆ? ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಗೆ ಅದರದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ಹುಡುಗಿಯ ಕೈಬಲವೂ ಅದನ್ನು ಮಾವಿನ ಕೊಂಬೆಯ ಎತ್ತರಕ್ಕೆ ಏರಿಸುತ್ತದೆ. ಲಯ ತಪ್ಪಿದರೆ ಗಟ್ಟಿಗನ ಶ್ರಮವೂ ವ್ಯರ್ಥ. ಅಣುವಿನೊಳಗಿನ ಪರಮಾಣುಗಳೂ ಬಂಧಗಳ ಮೇಲೆ ಹೀಗೆಯೇ ತೂಗುತ್ತಿರುತ್ತವೆ. ಹಗುರವಾದ ಹೈಡ್ರೋಜನ್ ಬೇಗ ಬೇಗನೆ ತೂಗುತ್ತದೆ. ಇಂಗಾಲ, ಆಮ್ಲಜನಕಗಳ ನಡುವಿನ ಒಂಟಿ ಬಂಧ ನಿಧಾನವಾಗಿ ತೂಗುತ್ತದೆ. ಯಾವ ಬೆಳಕಿನ ಲಯ ಯಾವ ಬಂಧದ ಲಯಕ್ಕೆ ಹೊಂದುತ್ತದೆಯೋ ಆ ಬೆಳಕು ಅಲ್ಲಿ ಹೀರಲ್ಪಡುತ್ತದೆ.

ಲಯವನ್ನು ಹೇಳುವ ಕ್ರಮವೊಂದಿದೆ: ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆಯೋ ಅದು ಅಲೆಸಂಖ್ಯೆ. ಸಾಮಾನ್ಯ ಉಪಕರಣಗಳು 4000ದಿಂದ 400ರವರೆಗೆ ನೋಡುತ್ತವೆ. ಬಹುಶರ್ಕರದ ರೇಖೆಯಲ್ಲಿ 3400ರ ಸುಮಾರಿಗೆ ಅಗಲವಾದ ತಗ್ಗೊಂದು ಬೀಳುತ್ತದೆ. ಅದು ಆಮ್ಲಜನಕ-ಹೈಡ್ರೋಜನ್ ಬಂಧದ್ದು. 2900ರ ಹತ್ತಿರದ್ದು ಇಂಗಾಲ-ಹೈಡ್ರೋಜನ್‌ದು. 1200ರಿಂದ 1000ದವರೆಗಿನ ದಟ್ಟವಾದ ಗುಂಪು ಸಕ್ಕರೆಯ ಉಂಗುರಗಳದೂ ಅವುಗಳನ್ನು ಬೆಸೆಯುವ ಕೊಂಡಿಗಳದೂ; ಬಹುಶರ್ಕರದ ಮುಖಲಕ್ಷಣವೆಂದರೆ ಇದೇ. ಬೆಂಡೆಯ ಲೋಳೆಯಲ್ಲಿ ಗ್ಯಾಲಕ್ಟೋಸ್, ರ್‍ಯಾಮ್ನೋಸ್‌ಗಳ ಜೊತೆಗೆ ಗ್ಯಾಲಕ್ಚುರೋನಿಕ್ ಆಮ್ಲವೂ ಇರುವುದರಿಂದ 1600 ಮತ್ತು 1410ರ ಸುಮಾರಿನಲ್ಲಿಯೂ, ಎಸ್ಟರ್ ಇದ್ದರೆ 1740ರ ಹತ್ತಿರವೂ ಗುರುತುಗಳು ಕಾಣಿಸುತ್ತವೆ. ಪಿಷ್ಟದಲ್ಲಿ ಇವು ಇರುವುದಿಲ್ಲ. 1540ರಲ್ಲಿ ಏನಾದರೂ ಎದ್ದು ಕಂಡರೆ ಲೋಳೆಯೊಂದಿಗೆ ಪ್ರೋಟೀನೂ ಬಂದಿದೆಯೆಂದು ಸಂಶಯಪಡಬೇಕು.

ಇಷ್ಟು ಗುರುತಿಸುವಿಕೆ. ಅಳತೆ ಇನ್ನೂ ಆರಂಭವಾಗಿಲ್ಲ. ಯಂತ್ರದ ಪರದೆಯ ಮೇಲೆ ರೇಖೆ ಮೂಡಿದೊಡನೆ ಅಳತೆಯಾಯಿತೆಂದು ತಿಳಿಯುವವರೇ ಬಹಳ.

ಅಳತೆಯ ಆಧಾರ ಬಿಯರ್ ಎಂಬ ಜರ್ಮನ್ ವಿಜ್ಞಾನಿ 1852ರಲ್ಲಿ ನಿರೂಪಿಸಿದ ನಿಯಮ. ಹೀರುವ ಪದಾರ್ಥ ಹೆಚ್ಚಿದಷ್ಟೂ, ಬೆಳಕು ಹಾಯುವ ದಾರಿ ಉದ್ದವಾದಷ್ಟೂ ಹೀರಿಕೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ‘ಹೀರಿಕೆ’ ಇಲ್ಲಿ ಗಣಿತದ ಮಾತು: ನೂರು ಪಾಲು ಬೆಳಕು ಹೋಗಿ ಹತ್ತು ಪಾಲು ಹೊರಬಂದರೆ ಹೀರಿಕೆ 1, ಒಂದೇ ಪಾಲು ಬಂದರೆ 2. ಈಗ ಒಂದು ಉದಾಹರಣೆ. ಅಂಕೆಗಳು ಪಾಠಕ್ಕಾಗಿ ಕಲ್ಪಿಸಿದವು. ಲೋಳೆಯನ್ನು ಶೇಕಡ 1, 2, 3, 4ರಂತೆ ತೂಗಿ ಬೆರೆಸಿದ ನಾಲ್ಕು ಮಾದರಿಗಳು 0.12, 0.24, 0.36, 0.48 ಹೀರಿಕೆ ತೋರಿದವೆನ್ನೋಣ. ಗೊತ್ತಿಲ್ಲದ ಮಾದರಿ 0.30 ತೋರಿದರೆ ಅದರಲ್ಲಿ ಶೇಕಡ 2.5 ಲೋಳೆಯಿದೆ. ಎಷ್ಟು ಸುಲಭ! ಆದರೆ ಪುಡಿ ಸರಿಯಾಗಿ ನುಣ್ಣಗಾಗದೆ ಬೆಳಕು ಚದುರಿ, ರೇಖೆಯ ತಳವೇ 0.03ರಷ್ಟು ಮೇಲೆದ್ದಿತ್ತೆಂದರೆ ನಿಜವಾದ ಹೀರಿಕೆ 0.27, ಲೋಳೆ ಶೇಕಡ 2.25. ಕಣ್ಣಿಗೆ ಕಾಣದ ಒಂದು ಅಲಕ್ಷ್ಯದಿಂದ ಇದ್ದುದಕ್ಕೆ ಒಂಬತ್ತನೆಯ ಒಂದು ಪಾಲು ಸೇರಿಕೊಂಡಿತು. ಇನ್ನೊಂದು ಮಾದರಿ 0.90 ತೋರಿತೆಂದುಕೊಳ್ಳಿ. ಶೇಕಡ 7.5 ಎಂದು ಬರೆಯುವ ಅಧಿಕಾರ ನಮಗಿಲ್ಲ. ನಮ್ಮ ಮಾದರಿಗಳು 4ಕ್ಕೆ ಮುಗಿದಿವೆ. ದ್ರಾವಣವನ್ನು ತೆಳುಮಾಡಿ ಮತ್ತೆ ನೋಡಬೇಕು.

ಅಂದರೆ ಯಂತ್ರವೊಂದು ತಕ್ಕಡಿ ಮಾತ್ರ. ಇನ್ನೊಂದು ತಟ್ಟೆಯಲ್ಲಿಡಲು ತೂಕದ ಕಲ್ಲು ಬೇಕು. ಆ ಕಲ್ಲು ಎಲ್ಲಿಂದ ಬರುತ್ತದೆ? ಸಾಮಾನ್ಯವಾಗಿ ಹಳೆಯ ಒದ್ದೆ ರಸಾಯನದಿಂದ. ಡುಬ್ವಾ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ ಫಿನಾಲ್-ಗಂಧಕಾಮ್ಲ ವಿಧಾನ ಇಂದಿಗೂ ಬಡ ಪ್ರಯೋಗಾಲಯಗಳ ಆಸರೆ. ಪ್ರಬಲ ಆಮ್ಲವು ಬಹುಶರ್ಕರದ ಸರಪಳಿಯನ್ನು ಕಡಿಯುತ್ತದೆ, ಬಿಡಿ ಸಕ್ಕರೆಗಳು ಫಿನಾಲಿನೊಂದಿಗೆ ಸೇರಿ ಕಿತ್ತಳೆ ಹಳದಿ ಬಣ್ಣವನ್ನು ಕೊಡುತ್ತವೆ, ಬಣ್ಣದ ದಟ್ಟಣೆಯನ್ನು 490 ನ್ಯಾನೋಮೀಟರಿನಲ್ಲಿ ಅಳೆಯುತ್ತಾರೆ. ಆದರೆ ಎಲ್ಲ ಸಕ್ಕರೆಗಳೂ ಸಮನಾದ ಬಣ್ಣ ಕೊಡುವುದಿಲ್ಲ. ಗ್ಲುಕೋಸನ್ನು ಮಾದರಿಯಾಗಿಟ್ಟುಕೊಂಡು ಆಮ್ಲಭರಿತವಾದ ಬೆಂಡೆಯ ಲೋಳೆಯನ್ನು ಅಳೆದರೆ ಉತ್ತರ ಕಡಿಮೆ ಬೀಳುತ್ತದೆ. ಕಲ್ಲು ಸವೆದಿದ್ದರೆ ತಕ್ಕಡಿ ಎಷ್ಟು ಬೆಲೆಬಾಳುವುದಾದರೇನು? ಆದುದರಿಂದ ಬಲ್ಲವರು ಬೆಂಡೆಯಿಂದಲೇ ಲೋಳೆಯನ್ನು ನೀರಿನಲ್ಲಿ ಇಳಿಸಿ, ಮದ್ಯಸಾರದಿಂದ ಒತ್ತರಿಸಿ, ತೊಳೆದು ಒಣಗಿಸಿ, ಶುದ್ಧಿಯನ್ನು ಪರೀಕ್ಷಿಸಿ, ಅದನ್ನೇ ಕಲ್ಲಾಗಿ ಬಳಸುತ್ತಾರೆ. ಕೆಲಸ ದೀರ್ಘ, ಅದಕ್ಕೆ ಅಡ್ಡದಾರಿಯಿಲ್ಲ.

ಒಣಗಿಸುವ ಮಾತು ಬಂದಿತು. ನೀರು ಈ ವಿದ್ಯೆಯ ಜನ್ಮಶತ್ರು. ಬಹುಶರ್ಕರಗಳು ತೇವವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತವೆ. ನೀರಾದರೋ 3400ರಲ್ಲಿಯೂ 1640ರಲ್ಲಿಯೂ ತಾನೇ ಹೀರುತ್ತದೆ. ಕೊಲ್ಲಾಪುರದ ಆಷಾಢದಲ್ಲಿ ತೆರೆದಿಟ್ಟ ಪುಡಿಯ ಗತಿಯೇನೆಂದು ಹೇಳಬೇಕಾಗಿಲ್ಲ. ಮಾದರಿಯನ್ನು ಒಂದು ಮಿಲಿಗ್ರಾಮಿನಷ್ಟು ತೆಗೆದುಕೊಂಡು ನೂರು, ಇನ್ನೂರು ಮಿಲಿಗ್ರಾಮ್ ಪೊಟ್ಯಾಸಿಯಂ ಬ್ರೋಮೈಡಿನೊಂದಿಗೆ ಅರೆದು ಬಿಲ್ಲೆ ಒತ್ತುವುದು ಹಳೆಯ ಪದ್ಧತಿ. ಆ ಲವಣವೂ ತೇವಪ್ರಿಯವೇ. ಬಿಲ್ಲೆಯ ದಪ್ಪ ಪ್ರತಿಸಲವೂ ಬೇರೆಯಾಗುವುದರಿಂದ, ಸಸ್ಯದಲ್ಲಿಲ್ಲದ ಗುರುತನ್ನು ಕೊಡುವ ಪೊಟ್ಯಾಸಿಯಂ ಥಯೋಸಯನೇಟಿನಂಥ ಲವಣವನ್ನು ತಿಳಿದ ಪ್ರಮಾಣದಲ್ಲಿ ಸೇರಿಸಿ, ಅದರ ಹೀರಿಕೆಯೊಂದಿಗೆ ಹೋಲಿಸುವ ಉಪಾಯವೂ ಉಂಟು. ಈಚಿನ ಉಪಕರಣಗಳಲ್ಲಿ ಪುಡಿಯನ್ನು ಚಿಕ್ಕ ವಜ್ರದ ಮೇಲೆ ಒತ್ತಿದರೆ ಸಾಕು. ಅಲ್ಲಿ ಬೆಳಕು ಮಾದರಿಯೊಳಗೆ ಒಂದೆರಡು ಮೈಕ್ರೋಮೀಟರಿನಷ್ಟು ಮಾತ್ರ ಇಳಿಯುತ್ತದೆ. ಚಿಪ್ಪಿನ ಮೇಲ್ಮೈಯನ್ನು ನೋಡಿ ತೆಂಗಿನಕಾಯಿಯ ತಿರುಳಿನ ಲೆಕ್ಕ ಹೇಳಬಾರದಷ್ಟೆ. ಮೊದಲು ಎಲ್ಲವನ್ನೂ ಸಮನಾಗಿ ಪುಡಿಮಾಡಬೇಕು.

ಈ ವಿದ್ಯೆ ಎಲ್ಲಿ ಸೋಲುತ್ತದೆಂಬುದಕ್ಕೆ ಇಚಲಕರಂಜಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹೂಡಿದರು. ಇಂದು ಊರಿಗೆ ಊರೇ ಮಗ್ಗದ ಸದ್ದಿನಲ್ಲಿ ಏಳುತ್ತದೆ. ನೇಯುವ ಮುನ್ನ ಹಾಸಿನ ನೂಲಿಗೆ ಗಂಜಿ ಕುಡಿಸುತ್ತಾರೆ. ಮರಾಠಿಯಲ್ಲಿ ಅದಕ್ಕೆ ಖಳ, ಕಾರಖಾನೆಯ ಮಾತಿನಲ್ಲಿ ಸೈಜಿಂಗ್. ಗಂಜಿ ಕಡಿಮೆಯಾದರೆ ಎಳೆ ಹರಿದು ಮಗ್ಗ ನಿಲ್ಲುತ್ತದೆ, ದುಡ್ಡು ನಿಲ್ಲುತ್ತದೆ. ಹೆಚ್ಚಾದರೆ ಎಳೆ ಬಿರುಸಾಗುತ್ತದೆ, ತೊಳೆಯುವಾಗ ಹೋದ ಗಂಜಿ ನೀರಿನೊಳಗಿನ ಆಮ್ಲಜನಕವನ್ನು ತಿನ್ನುತ್ತದೆ. ಹಾಗಾದರೆ ನೂಲಿನ ಮೇಲೆ ಎಷ್ಟು ಗಂಜಿ ಕುಳಿತಿದೆಯೆಂದು ಅವಕೆಂಪಿನಲ್ಲಿ ನೋಡಬಹುದಲ್ಲವೇ?

ತೊಂದರೆಯೆಂದರೆ ಹತ್ತಿಯ ನೂಲು ಸೆಲ್ಯುಲೋಸ್, ಗಂಜಿ ಪಿಷ್ಟ. ಎರಡರ ಮಣಿಯೂ ಗ್ಲುಕೋಸೇ. ಪೋಣಿಸಿದ ಬಗೆ ಮಾತ್ರ ಬೇರೆ. ಪಿಷ್ಟದ್ದು ಆಲ್ಫಾ ಕೊಂಡಿ, ಸೆಲ್ಯುಲೋಸಿನದು ಬೀಟಾ. ಆಲ್ಫಾ ಕೊಂಡಿ ಸರಪಳಿಯನ್ನು ಸುರುಳಿ ಸುತ್ತಿಸುತ್ತದೆ, ಅಯೋಡಿನ್ ಆ ಸುರುಳಿಯೊಳಗೆ ಹೊಕ್ಕು ನೀಲಿ ಬಣ್ಣ ತಾಳುತ್ತದೆ. ಬೀಟಾ ಕೊಂಡಿ ಸರಪಳಿಯನ್ನು ನೆಟ್ಟಗೆ ಚಾಚಿಸಿ ಎಳೆಯನ್ನಾಗಿ ಮಾಡುತ್ತದೆ. ಒಂದು ಅನ್ನವಾಯಿತು, ಇನ್ನೊಂದು ಅರಿವೆಯಾಯಿತು. ಅವಕೆಂಪಿನಲ್ಲಿ 850ರ ಸುಮಾರಿನ ಸಣ್ಣ ಗುರುತು ಆಲ್ಫಾದ್ದು, 897ರದ್ದು ಬೀಟಾದ್ದು. ಆದರೆ ಮುಖ್ಯವಾದ ಗುಂಪು ಎರಡರಲ್ಲಿಯೂ ಒಂದೇ ಜಾಗದಲ್ಲಿ, ಒಂದರ ಮೇಲೊಂದು ಬಿದ್ದಿರುತ್ತದೆ. ಬಿಳಿ ಗೋಡೆಯ ಮೇಲೆ ಸುಣ್ಣದ ಕಲೆಯನ್ನು ಹುಡುಕಿದಂತೆ. ಅಲ್ಲಿ ಒಣ ನೂಲನ್ನು ತೂಗಿ, ಕಿಣ್ವದಿಂದ ಗಂಜಿಯನ್ನು ಕರಗಿಸಿ ತೊಳೆದು, ಮತ್ತೆ ಒಣಗಿಸಿ ತೂಗುವ ಹಳೆಯ ಪದ್ಧತಿಯೇ ನಂಬಿಗಸ್ಥ. ಗಂಜಿಯಲ್ಲಿ ಅಕ್ರಿಲಿಕ್ಕಿನಂಥ ಕೃತಕ ಅಂಟು ಬೆರೆತಿದ್ದರೆ ಮಾತ್ರ ಅವಕೆಂಪು ಗೆಲ್ಲುತ್ತದೆ. ಏಕೆಂದರೆ 1730ರ ಸುಮಾರಿನಲ್ಲಿ ಪಿಷ್ಟ, ಸೆಲ್ಯುಲೋಸ್ ಎರಡೂ ಮೌನವಾಗಿದ್ದು ಬೆರಕೆಯೊಂದೇ ಮಾತಾಡುತ್ತದೆ.

ಸಕ್ಕರೆ ಕಾರಖಾನೆಯ ಪ್ರಸಂಗವನ್ನೂ ಸಂಕ್ಷೇಪವಾಗಿ ಹೇಳುತ್ತೇನೆ. ಕಡಿದ ಕಬ್ಬು ಬಿಸಿಲಿನಲ್ಲಿ ಬಂಡಿಯ ಮೇಲೆ ನಿಂತಷ್ಟೂ ಲ್ಯುಕೊನಾಸ್ಟಾಕ್ ಎಂಬ ಸೂಕ್ಷ್ಮಜೀವಿ ಅದರ ಸಕ್ಕರೆಯನ್ನು ತಿಂದು ಡೆಕ್ಸ್‌ಟ್ರಾನ್ ಎಂಬ ಬಹುಶರ್ಕರವನ್ನು ಕಟ್ಟುತ್ತದೆ. ಇದು ಸಸ್ಯದ್ದಲ್ಲ, ಸಸ್ಯದ ನಷ್ಟದ್ದು. ಸಕ್ಕರೆಯನ್ನು ಅಳೆಯುವ ಧ್ರುವಣಮಾಪಕವು ಬೆಳಕು ಎಷ್ಟು ತಿರುಗಿತೆಂಬುದನ್ನು ನೋಡುತ್ತದೆ. ಡೆಕ್ಸ್‌ಟ್ರಾನ್ ಅದೇ ದಿಕ್ಕಿಗೆ ಸುಮಾರು ಮೂರು ಪಟ್ಟು ಹೆಚ್ಚು ತಿರುಗಿಸುತ್ತದೆ. ಹೀಗೆ ಹಾಳಾದ ಕಬ್ಬು ಮಾಪಕದಲ್ಲಿ ತನ್ನ ಯೋಗ್ಯತೆಗಿಂತ ಸಿಹಿಯಾಗಿ ಕಾಣುತ್ತದೆ, ಚೀಲದಲ್ಲಿ ಸಕ್ಕರೆ ಮಾತ್ರ ಕಡಿಮೆ ಬೀಳುತ್ತದೆ. ಮರಾಠಿಯವರು ‘ಉತಾರಾ’ ಎನ್ನುವ ಆ ಇಳುವರಿಗೂ ಕಬ್ಬಿನ ದರಕ್ಕೂ ಸಂಬಂಧವಿರುವುದರಿಂದ ಇದು ಕೇವಲ ಪ್ರಯೋಗಾಲಯದ ಚರ್ಚೆಯಾಗಿ ಉಳಿಯುವುದಿಲ್ಲ. ಆಸ್ಟ್ರೇಲಿಯದ ಕಾರಖಾನೆಗಳಲ್ಲಿ ಕೆಂಪಿಗೆ ಹತ್ತಿರದ ಅವಕೆಂಪು ಕಿರಣಗಳಿಂದ ಕಬ್ಬನ್ನು ಪರೀಕ್ಷಿಸುತ್ತಾರೆ. ಆ ಮಾರ್ಗವನ್ನು ಧಾನ್ಯಗಳ ತೇವವನ್ನು ಅಳೆಯಲೆಂದು ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ತೆರೆದರು. ಅಲ್ಲಿ ರೇಖೆಗಳು ಮಸುಕು ಮಸುಕಾಗಿ ಬೆರೆತಿರುವುದರಿಂದ ನೂರಾರು ಮಾದರಿಗಳನ್ನು ಮೊದಲು ಒದ್ದೆ ರಸಾಯನದಲ್ಲಿ ಅಳೆದು, ಗಣಿತದಿಂದ ಸಂಬಂಧ ಹಚ್ಚಬೇಕಾಗುತ್ತದೆ. ಒಂದು ಸೀಮೆಯ ಕಬ್ಬಿಗೆ ಹಚ್ಚಿದ ಸಂಬಂಧ ಇನ್ನೊಂದು ಸೀಮೆಗೆ ಪರೀಕ್ಷೆಯಿಲ್ಲದೆ ಸಲ್ಲದು.

ಇನ್ನು ಭಿತ್ತಿಪತ್ರದ ವಿಷಯ. ‘ಸಕ್ಕರೆ’ಯನ್ನು ಹೊಡೆದುಹಾಕಿ ಏನು ಬರೆಯುವುದೆಂದು ನಾವು ಇಬ್ಬರೂ ಒಂದು ಮಧ್ಯಾಹ್ನವೆಲ್ಲ ಚರ್ಚಿಸಿದೆವು. ಸಹೋದ್ಯೋಗಿಗಳಿಗೆ ‘ಪಾಲಿಸ್ಯಾಕರೈಡ್’ ಎಂದೇ ಇರಲಿ ಎಂಬ ಹಟ, ನನಗೆ ‘ಬಹುಶರ್ಕರ’. ಸಸ್ಯಶಾಸ್ತ್ರವನ್ನು ಕನ್ನಡದ ಮನೆಮಾತಿನಲ್ಲಿ ಬರೆದು, ‘ಹಸುರು ಹೊನ್ನು’ ಕೃತಿಗೆ 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರಿದ್ದರೆ ನಮ್ಮಿಬ್ಬರನ್ನೂ ಗೇಲಿ ಮಾಡುತ್ತಿದ್ದರೇನೋ. ಕೊನೆಗೆ ಶೀರ್ಷಿಕೆಯಲ್ಲಿ ‘ಬೆಂಡೆಯ ಲೋಳೆಯ ಪ್ರಮಾಣ’ ಎಂದು ಬರೆದು, ಕೆಳಗೆ ‘ಈ ಲೋಳೆ ಬಹುಶರ್ಕರ ಎಂಬ ಜಾತಿಯದು, ಇದು ಸಿಹಿಯಲ್ಲ, ಹೊಟ್ಟೆಯಲ್ಲಿ ಸಕ್ಕರೆಯಾಗಿ ಕರಗುವುದಿಲ್ಲ’ ಎಂದು ಸೇರಿಸಿದೆವು. ತಿದ್ದಿದ ಪ್ರತಿಯನ್ನು ಅದೇ ಹಳ್ಳಿಯ ಪಂಚಾಯತಿಯ ಗೋಡೆಗೆ ನಾನೇ ಹೋಗಿ ಅಂಟಿಸಿ ಬಂದೆ. ಆ ಹಿರಿಯರು ಅಂದು ಊರಲ್ಲಿರಲಿಲ್ಲ. ಅವರ ಸೊಸೆಗೆ ಓದಿ ಹೇಳಿದ್ದೇನೆ.

ದ್ವಿತೀಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಲೋಳೆ, ಅಂಟು, ಬಂಕೆ, ಗಂಜಿ, ಸರಿ, ಮಡ್ಡಿ, ಖಳ, ಮಳಿ ಈ ಶಬ್ದಗಳು ನಿಮ್ಮ ನಿಮ್ಮ ಊರಿನ ಆಲೆಮನೆಯಲ್ಲಿ, ಮಗ್ಗದ ಮನೆಯಲ್ಲಿ, ಅಡುಗೆಮನೆಯಲ್ಲಿ ಯಾವ ಯಾವ ಪದಾರ್ಥಕ್ಕೆ ಸಲ್ಲುತ್ತವೆಂದು ಕೇಳಿ ಬರೆದು ತನ್ನಿರಿ. ಆಡಿದವರ ಊರನ್ನೂ ಕಸುಬನ್ನೂ ಶಬ್ದದ ಮುಂದೆಯೇ ನಮೂದಿಸಬೇಕು. ನಿಘಂಟಿನಿಂದ ಇಳಿಸಿಕೊಂಡ ಪಟ್ಟಿಯನ್ನು ಸ್ವೀಕರಿಸಲಾಗುವುದಿಲ್ಲ.